ಹೆಸರಿನ ಸೀಮೆ, ಹಣ್ಣಿನ ಸೀಮೆ: ಪೋರ್ಚುಗಲ್ಲಿನ ದ್ರಾಕ್ಷಿಯೂ ನಮ್ಮ ಬೆಂಗಳೂರು ನೀಲಿಯೂ

(ಅತ್ತಿವೇರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಭತ್ತವನ್ನೂ ಗೋವಿನಜೋಳವನ್ನೂ ಬೆಳೆದು ಬದುಕತಕ್ಕ, ಜಲಾಶಯದ ನಡುಗಡ್ಡೆಗಳಿಗೆ ಬಂದು ಗೂಡುಕಟ್ಟುವ ಚಮಚಕೊಕ್ಕು ಮೊದಲಾದ ಹಕ್ಕಿಗಳಿಂದಾಗಿಯೇ ಹೊರಗಿನವರಿಗೆ ಪರಿಚಿತವಾಗಿರುವ ಈ ಊರಿನಲ್ಲಿ ನಿಂತು, ಸಮುದ್ರದಾಚೆಯ ಪೋರ್ಚುಗಲ್ ದೇಶದ ದ್ರಾಕ್ಷಿಯ ವಿಚಾರವನ್ನೂ ಅದರಿಂದಾಗುವ ಆಸವದ ವಿಚಾರವನ್ನೂ ಎತ್ತಿಕೊಳ್ಳುವುದು ಔಚಿತ್ಯವೇ ಎಂದು ತಮ್ಮಲ್ಲಿ ಕೆಲವರಾದರೂ ಹುಬ್ಬುಗಂಟಿಕ್ಕಿರಬಹುದು. ಪಾನಪ್ರಶಸ್ತಿ ನನ್ನ ಉದ್ದೇಶವಲ್ಲವೆಂದು ಮೊದಲಿಗೇ ಅರಿಕೆ ಮಾಡಿಕೊಳ್ಳುತ್ತೇನೆ. ವೈನನ್ನು ನಾಲಗೆಗೆ ಸೋಕಿಸದವನೂ ಅದರ ಚರಿತ್ರೆಯನ್ನು ಓದಬಹುದು, ಮತ್ತು ಓದಿದರೆ ಒಂದು ಸೀಮೆಯ ಜನ ತಮ್ಮ ನೆಲದ ಹಣ್ಣನ್ನೂ ಆ ಹಣ್ಣಿನ ಹೆಸರನ್ನೂ ಹೇಗೆ ಕಾಯ್ದುಕೊಳ್ಳುತ್ತಾರೆ, ಹೇಗೆ ಕಳೆದುಕೊಳ್ಳುತ್ತಾರೆ ಎಂಬುದನ್ನು ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣಲಾರನು.

ಅಲ್ಲದೆ ಪೋರ್ಚುಗಲ್ ನಮಗೆ ಅಷ್ಟೇನೂ ದೂರದ ದೇಶವಲ್ಲ. ಈ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಪಡುವಣ ಗಡಿಯೇ 1961ರ ಡಿಸೆಂಬರಿನವರೆಗೆ ಪೋರ್ಚುಗೀಜ್ ಪ್ರಭುತ್ವದ ಮೂಡಣ ಗಡಿಯಾಗಿದ್ದಿತು. ಘಟ್ಟದ ನೆತ್ತಿಯ ಮೇಲಿನ ಕ್ಯಾಸಲ್‌ರಾಕ್ ನಿಲ್ದಾಣದಲ್ಲಿ, 1888ರಲ್ಲಿ ಮರ್ಮಗೋವೆಯ ರೈಲುಹಾದಿ ಬಂದು ಕೂಡಿದ ಮೇಲೆ, ಗಡಿಯ ಸುಂಕದವರು ಪೆಟ್ಟಿಗೆಗಳನ್ನು ಬಿಚ್ಚಿಸಿ ನೋಡುತ್ತಿದ್ದರು. ನಮ್ಮ ಹಿತ್ತಿಲಿನ ಗೇರು, ಅನಾನಸು, ಪಪಾಯಿ, ಸಾರಿಗೆ ಬೀಳುವ ಮೆಣಸಿನಕಾಯಿ, ಇವೆಲ್ಲ ಆ ಜನರ ಹಡಗಿನಲ್ಲಿ ಬಂದವುಗಳೇ. ದ್ರಾಕ್ಷಿಯಾದರೋ ಅವರು ತಂದದ್ದಲ್ಲ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಜ್ ಪ್ರವಾಸಿ ಡೊಮಿಂಗೊ ಪಾಯೆಸನು ಅಲ್ಲಿಯ ಪೇಟೆಯಲ್ಲಿ ಮಾರಾಟಕ್ಕಿದ್ದ ಹಣ್ಣುಗಳನ್ನು ಬರೆಯುವಾಗ ಕಿತ್ತಳೆ, ದಾಳಿಂಬೆ, ಹಲಸು, ಮಾವುಗಳೊಡನೆ ದ್ರಾಕ್ಷಿಯನ್ನೂ ಹೇಳಿ, ಎಲ್ಲವೂ ಬಹಳ ಅಗ್ಗವೆಂದು ಸೇರಿಸಿದ್ದಾನೆ. ಅದಕ್ಕೂ ಬಹು ಹಿಂದೆ ಕೌಟಿಲ್ಯನು ಅರ್ಥಶಾಸ್ತ್ರದ ಸುರಾಧ್ಯಕ್ಷನ ಪ್ರಕರಣದಲ್ಲಿ ದ್ರಾಕ್ಷಾರಸದಿಂದಾದ ಪಾನೀಯವನ್ನು ಪ್ರಸ್ತಾಪಿಸಿ, ಅದಕ್ಕೆ ಹುಟ್ಟಿದ ದೇಶದಿಂದಲೇ ಹೆಸರು ಬರುವುದೆಂದು ತಿಳಿಸಿ, ಕಾಪಿಶಾಯನ, ಹಾರಹೂರಕ ಎಂಬೆರಡನ್ನು ಎತ್ತಿ ಹೇಳುತ್ತಾನೆ. ಕಾಪಿಶಿಯು ಇಂದಿನ ಆಫ್ಘಾನಿಸ್ತಾನದ ಬೇಗ್ರಾಮಿನ ಸೀಮೆ. ಹಾಗಾಗಿ ಮದ್ಯಕ್ಕೆ ಸೀಮೆಯ ಹೆಸರನ್ನಿಡುವ ರೂಢಿ ಯೂರೋಪಿನವರ ಸ್ವತ್ತೆಂದು ಭಾವಿಸಬೇಕಾದ್ದಿಲ್ಲ. ಆ ಹೆಸರಿಗೆ ಕಾನೂನಿನ ಬೇಲಿಯನ್ನು ಹಾಕಿದ ಕೀರ್ತಿ ಮಾತ್ರ ಬಹುಮಟ್ಟಿಗೆ ಪೋರ್ಚುಗೀಜರಿಗೆ ಸಲ್ಲತಕ್ಕದ್ದು.

ಪೋರ್ಚುಗಲ್ ವಿಸ್ತಾರದಲ್ಲಿ ನಮ್ಮ ಕರ್ನಾಟಕದ ಅರ್ಧಕ್ಕೂ ಕಡಿಮೆ. ಆದರೆ ಅಷ್ಟು ಸಣ್ಣ ದೇಶದಲ್ಲಿ ಸುಮಾರು 250 ದೇಶೀಯ ದ್ರಾಕ್ಷಿ ತಳಿಗಳಿವೆ. ಅವುಗಳಲ್ಲಿ ಬಹುಪಾಲು ಅಲ್ಲಿಯಲ್ಲದೆ ಬೇರೆಲ್ಲಿಯೂ ಬೆಳೆಯುವುದಿಲ್ಲ. ಫ್ರಾನ್ಸಿನ ಹತ್ತಾರು ತಳಿಗಳು ಜಗತ್ತನ್ನೆಲ್ಲ ಸುತ್ತಿ, ಕೊನೆಗೆ ನಮ್ಮ ನಂದಿಬೆಟ್ಟದ ತಪ್ಪಲಿಗೂ ಬಂದಿಳಿದಿರುವಾಗ, ಈ ಜನ ತಮ್ಮ ಹಳೆಯ ಬಳ್ಳಿಗಳನ್ನು ಬಿಡದೆ ಹಿಡಿದುಕೊಂಡದ್ದಕ್ಕೆ ಕಾರಣವೇನು? ದೇಶಾಭಿಮಾನವೆಂದು ಹೇಳುವುದು ಸುಲಭ; ನನಗಾದರೋ ಅದು ಅರ್ಧಸತ್ಯವೆಂದು ತೋರುತ್ತದೆ. ಕಣಿವೆ ಕಣಿವೆಯ ನಡುವೆ ಬೆಟ್ಟಗಳ ಅಡ್ಡಿ, ಕೆಟ್ಟ ರಸ್ತೆ, ಹೊರಗಿನ ಮಾರುಕಟ್ಟೆಯ ಗೊಡವೆಯಿಲ್ಲದ ರೈತನ ಬಡತನ, ಅಜ್ಜ ನೆಟ್ಟದ್ದನ್ನು ಮೊಮ್ಮಗ ಕೀಳಬಾರದೆಂಬ ಸಂಕೋಚ, ಇವುಗಳೇ ಹೆಚ್ಚಿನ ಕೆಲಸ ಮಾಡಿದುವು. ಒಂದೇ ತೋಟದಲ್ಲಿ ಇಪ್ಪತ್ತು ಮೂವತ್ತು ತಳಿಗಳನ್ನು ಬೆರಕೆಯಾಗಿ ನೆಟ್ಟು, ಎಲ್ಲವನ್ನೂ ಒಟ್ಟಿಗೆ ಕೊಯ್ದು, ಒಟ್ಟಿಗೆ ತುಳಿಯುವ ಪದ್ಧತಿ ಇದ್ದುದರಿಂದ, ಯಾವ ಬಳ್ಳಿ ಯಾವುದೆಂದು ಯಜಮಾನನಿಗೇ ತಿಳಿಯದಿದ್ದರೂ ಬಳ್ಳಿಗಳು ಮಾತ್ರ ಬದುಕಿಕೊಂಡವು. ಹುಳಿಯ ಉಗ್ರತೆಯಿಂದಾಗಿ ನಾಯಿಯ ಕತ್ತು ಹಿಸುಕತಕ್ಕದ್ದೆಂಬ ಅರ್ಥದ ಹೆಸರು ಒಂದು ತಳಿಗೆ. ಗೊಂಚಲಿನ ಆಕಾರದಿಂದಾಗಿ ಕುರಿಬಾಲವೆಂಬ ಹೆಸರು ಇನ್ನೊಂದಕ್ಕೆ. ಕುಮಟೆಯ ಉಪ್ಪುನೀರಿನ ಗಜನಿಗಳಲ್ಲಿ ಕಗ್ಗ ಭತ್ತವನ್ನು ಬೆಳೆಯುವ ನಮ್ಮ ಜಿಲ್ಲೆಯವರಿಗೆ ಇಂಥ ಹೆಸರುಗಳು ವಿಚಿತ್ರವೆನಿಸಲಾರವು.

ವಾಯವ್ಯದ ಮಿನ್ಯು ಪ್ರಾಂತದಿಂದ ಆರಂಭಿಸೋಣ. ಅಟ್ಲಾಂಟಿಕ್ ಸಮುದ್ರದ ಮಳೆಗಾಳಿಗೆ ಎದೆಯೊಡ್ಡಿದ, ಕಲ್ಲುನೆಲದ, ಹಸಿರಾದ ಸೀಮೆ ಅದು, ಅಂಗೈಯಗಲದ ಹಿಡುವಳಿಗಳು, ಹೊಲದ ನಡುವೆ ಅಮೆರಿಕದಿಂದ ಬಂದ ಗೋವಿನಜೋಳ. ಹೊಟ್ಟೆಯ ಕಾಳಿಗೆ ಹೊಲದ ನಡುವಣ ಜಾಗವನ್ನು ಬಿಟ್ಟುಕೊಟ್ಟು, ದ್ರಾಕ್ಷಿಯನ್ನು ಬದುವಿಗೆ ಸರಿಸಿ, ಬದುವಿನ ಮರಗಳ ಮೇಲಕ್ಕೂ ಎತ್ತರದ ಚಪ್ಪರಗಳ ಮೇಲಕ್ಕೂ ಹಬ್ಬಿಸಿದರು. ಕೊಯ್ಲಿಗೆ ಏಣಿ ಬೇಕಾಗುತ್ತಿತ್ತು. ಹಾಗೆ ನೆಲದ ಶಾಖದಿಂದ ದೂರವಾಗಿ ಬೆಳೆದ ಹಣ್ಣು ಪೂರಾ ಮಾಗದೆ ಹುಳಿಯುಳಿದು, ಅದರಿಂದಾದ ತೆಳುವಾದ ವೈನು ವಿನ್ಯು ವೆರ್ದೆ ಎಂದು ಪ್ರಸಿದ್ಧವಾಯಿತು. 1908ರಲ್ಲಿ ಈ ಸೀಮೆಗೆ ಕಾನೂನಿನ ಗಡಿ ಹಾಕಿದರು. ಲೊರೈರು ಇಲ್ಲಿಯ ಸಾಮಾನ್ಯ ಬಿಳಿ ತಳಿ. ಸ್ಪೇನಿನ ಗಡಿಯ ಮೊನ್ಸಾಂವು, ಮೆಲ್ಗಾಸು ಎಂಬೆರಡು ಊರುಗಳ ಆಲ್ವರೀನ್ಯು ಮಾತ್ರ ಬೆಟ್ಟಗಳ ಮರೆಯಲ್ಲಿ ಚೆನ್ನಾಗಿ ಮಾಗಿ, ಬೇರೆಯದೇ ಗೌರವವನ್ನು ಪಡೆದಿದೆ. ಹಳಿಯಾಳ, ಮುಂಡಗೋಡಗಳ ಗೋವಿನಜೋಳದ ಹೊಲಗಳನ್ನು ದಿನವೂ ಕಾಣುವ ತಮಗೆ, ಒಂದು ಹೊಸ ಧಾನ್ಯದ ಪ್ರವೇಶದಿಂದ ಹಳೆಯ ಬೆಳೆಯ ಆಕಾರವೇ ಬದಲಾಗುವ ಈ ಪರಿಯನ್ನು ನಾನು ವಿವರಿಸಬೇಕಾಗಿಲ್ಲ.

ಮಿನ್ಯುವಿನಿಂದ ತೆಂಕಣಕ್ಕಿಳಿದು ದೋರು ನದಿಯ ಮೇಲ್ದಂಡೆಗೆ ಹೋದರೆ ಬೇರೆಯದೇ ಲೋಕ. ಪದರ ಪದರವಾಗಿ ಸೀಳುವ ಕಲ್ಲಿನ ಬೆಟ್ಟಗಳು, ಬೇಸಗೆಯಲ್ಲಿ 40 ಡಿಗ್ರಿಯನ್ನು ಮೀರುವ ಕಾವು, ಕೈಯಿಂದಲೇ ಕಟ್ಟಿದ ಮೆಟ್ಟಿಲುಗಟ್ಟೆಗಳು. 1703ರ ಮೆಥ್ಯುಯೆನ್ ಒಪ್ಪಂದದ ತರುವಾಯ ಇಂಗ್ಲಿಷರು ಇಲ್ಲಿಯ ವೈನನ್ನು ಹೇರಳವಾಗಿ ಕೊಳ್ಳತೊಡಗಿದರು. ಬೇಡಿಕೆ ಹೆಚ್ಚಿದಂತೆ ವಂಚನೆಯೂ ಹೆಚ್ಚಿತು. ಸಪ್ಪೆಯಾದ ವೈನಿಗೆ ಎಲ್ಡರ್ ಎಂಬ ಪೊದೆಯ ಕಪ್ಪು ಹಣ್ಣಿನ ರಸವನ್ನು ಬೆರೆಸಿ ಬಣ್ಣವೇರಿಸುವ ವ್ಯಾಪಾರ ನಡೆಯಿತು. ಲಿಸ್ಬನ್ನಿನ ಮಹಾಭೂಕಂಪದ ಮರುವರ್ಷ, ಅಂದರೆ 1756ರ ಸೆಪ್ಟೆಂಬರಿನಲ್ಲಿ, ರಾಜ್ಯದ ಸರ್ವಾಧಿಕಾರವನ್ನು ಕೈಯಲ್ಲಿ ಹಿಡಿದಿದ್ದ, ಮುಂದೆ ಪೊಂಬಾಲಿನ ಮಾರ್ಕ್ವಿಸನೆಂದು ಖ್ಯಾತನಾದ ಮಂತ್ರಿಯು ಒಂದು ಕಂಪನಿಯನ್ನು ಸ್ಥಾಪಿಸಿ, ಸೀಮೆಯನ್ನು ಅಳೆಯಿಸಿ, ಮುನ್ನೂರಕ್ಕೂ ಹೆಚ್ಚು ಕಲ್ಲುಕಂಬಗಳನ್ನು ನೆಡಿಸಿದನು. ಈ ಕಂಬಗಳ ಒಳಗಿನದು ಪೋರ್ತುವಿನ ವೈನು, ಹೊರಗಿನದು ಅಲ್ಲ. ಎಲ್ಡರ್ ಪೊದೆಗಳನ್ನು ಸೀಮೆಯೊಳಗೆ ಬೇರುಸಹಿತ ಕೀಳಿಸಿದನು. ಅವನದು ಕೋಮಲ ಹಸ್ತವಾಗಿರಲಿಲ್ಲ. ಮರುವರ್ಷ ಕಂಪನಿಯ ಏಕಸ್ವಾಮ್ಯವನ್ನು ವಿರೋಧಿಸಿ ಪೋರ್ತು ನಗರದಲ್ಲಿ ದಂಗೆಯೆದ್ದ ಬಡವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಹೆಸರಿನ ರಕ್ಷಣೆಯೆಂಬುದು ಯಾರ ರಕ್ಷಣೆಗಾಗಿ ಎಂಬ ಪ್ರಶ್ನೆ ಅಂದೇ ಹುಟ್ಟಿತು. ಅದು ಇಂದಿಗೂ ತೀರಿಲ್ಲ.

ಪೋರ್ಟ್ ಎಂದು ಲೋಕವೆಲ್ಲ ಕರೆಯುವುದು ದೋರುವಿನ ಈ ವೈನನ್ನೇ. ತೊರೀಗ ನಾಸಿಯೋನಾಲ್, ತೊರೀಗ ಫ್ರಾಂಕ, ತಿಂತ ಬರೋಕ ಮೊದಲಾದ ಕಪ್ಪು ಹಣ್ಣುಗಳನ್ನು ಅಗಲವಾದ ಕಲ್ಲುತೊಟ್ಟಿಗಳಲ್ಲಿ ಹಾಕಿ, ಆಳುಗಳು ಹೆಗಲಿಗೆ ಹೆಗಲು ಕೊಟ್ಟು ಸಾಲುಗಟ್ಟಿ ತುಳಿಯುತ್ತಾರೆ. ಹುದುಗು ನಡೆಯುತ್ತಿರುವಂತೆಯೇ, ಸಕ್ಕರೆಯ ಅಂಶವಿನ್ನೂ ಉಳಿದಿರುವಾಗ, ದ್ರಾಕ್ಷಿಯಿಂದಲೇ ಬಟ್ಟಿಯಿಳಿಸಿದ ಉಗ್ರಮದ್ಯವನ್ನು ಬೆರೆಸಿದರೆ ಹುದುಗು ಅಲ್ಲಿಗೇ ನಿಂತು, ಸಿಹಿಯೂ ತೀಕ್ಷ್ಣವೂ ಆದ ವೈನು ಉಳಿಯುತ್ತದೆ. ಅದನ್ನು ದೋಣಿಗಳಲ್ಲಿ ನದಿಯ ಕೆಳಗಿನ ಗೈಯಾ ಪಟ್ಟಣಕ್ಕೆ ಸಾಗಿಸಿ, ವರ್ಷಗಟ್ಟಲೆ ಪೀಪಾಯಿಗಳಲ್ಲಿಡುತ್ತಿದ್ದರು. ಈ ಕ್ರಿಯೆಯನ್ನೂ ಈ ತಳಿಗಳ ಹೆಸರನ್ನೂ ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ದಾಂವು ಸೀಮೆಯ ಎಂಕ್ರುಜಾದು, ಬೈರಾದ ಸೀಮೆಯ ಜೇಡಿನೆಲದಲ್ಲಿ ಬೆಳೆಯುವ, ಎಳವೆಯಲ್ಲಿ ಬಾಯೊಗರಿನಿಂದ ನಾಲಗೆಯನ್ನೇ ಹಿಡಿಯುವ ಬಾಗಾ, ಅಲೆಂತೆಜು ಬಯಲಿನಲ್ಲಿ ಆಳೆತ್ತರದ ಮಣ್ಣಿನ ಹರವಿಗಳಲ್ಲಿ ಹುದುಗು ಹಾಕಿ ನವೆಂಬರ್ 11ರ ಸಂತ ಮಾರ್ಟಿನನ ಹಬ್ಬಕ್ಕೆ ತೆರೆಯುವ ವೈನು, ಇವುಗಳನ್ನು ಹೆಸರಿಸಿಯೇ ಮುಂದೆ ಸಾಗುತ್ತೇನೆ. ಆದರೆ ಲಿಸ್ಬನ್ನಿಗೆ ಸಮೀಪದ ಕೊಲಾರೆಸ್ ಎಂಬ ಪುಟ್ಟ ಸೀಮೆಯ ಬಳಿ ನಿಲ್ಲದೆ ಹೋಗಲಾರೆ. ಅಲ್ಲಿಯ ತೋಟಗಳಿರುವುದು ಕಡಲತಡಿಯ ಮರಳಿನಲ್ಲಿ. ಬಳ್ಳಿಯ ಬೇರು ನಿಲ್ಲಬೇಕಾದ್ದು ಮರಳಿನಡಿಯ ಜೇಡಿಮಣ್ಣಿನಲ್ಲಿ. ಆದಕಾರಣ ಆಳವಾದ ಕಂದಕಗಳನ್ನು ತೋಡಿ ಬುಡವನ್ನು ಕೆಳಗೆ ಕೂರಿಸಿ, ಬಳ್ಳಿ ಬೆಳೆದಂತೆ ಮರಳನ್ನು ಸ್ವಲ್ಪ ಸ್ವಲ್ಪವಾಗಿ ತುಂಬುತ್ತ ಬರುತ್ತಿದ್ದರು. ತೋಡುವಾಗ ಮರಳಿನ ಗೋಡೆ ಕುಸಿದು ಆಳು ಹೂತುಹೋದರೆ ಮೂಗಿನ ಸುತ್ತ ಕೊಂಚ ಗಾಳಿಯಾದರೂ ಉಳಿಯಲೆಂದು ಅವನ ತಲೆಯ ಮೇಲೆ ಬುಟ್ಟಿಯೊಂದನ್ನು ಕವುಚುತ್ತಿದ್ದರಂತೆ. ಉಪ್ಪುಗಾಳಿಗೆ ಬೊಂಬಿನ ತಟ್ಟಿಗಳ ಮರೆ. ನೆಲದ ಮೇಲೆಯೇ ಹರಿಯುವ ಬಳ್ಳಿಗೆ, ಹಣ್ಣು ಮಾಗುವ ಕಾಲಕ್ಕೆ, ಕಾದ ಮರಳು ತಾಕದಂತೆ ಗೇಣುದ್ದದ ಕೋಲುಗಳ ಆಸರೆ. ಇಷ್ಟೆಲ್ಲ ಪಾಡುಪಟ್ಟು ಬೆಳೆಯುವುದು ರಮಿಷ್ಕು ಎಂಬ ಸಣ್ಣ ಕಾಳಿನ, ಇಳುವರಿ ಕಡಿಮೆಯ ತಳಿಯನ್ನು. ಲಾಭದ ಲೆಕ್ಕ ಹಾಕುವವನು ಇದನ್ನು ಹುಚ್ಚೆಂದಾನು.

ಈ ಹುಚ್ಚಿಗೆ ಒಂದು ಕಾಲದಲ್ಲಿ ಬೆಲೆ ಬಂತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲ್ಲಾಕ್ಸೆರಾ ಎಂಬ ಸೂಕ್ಷ್ಮ ಕೀಟ ಅಮೆರಿಕದಿಂದ ಯೂರೋಪಿಗೆ ಬಂದು, ಬೇರನ್ನೇ ಹೀರಿ ತೋಟ ತೋಟಗಳನ್ನು ಒಣಗಿಸಿತು. ಮರಳಿನಲ್ಲಿ ಆ ಕೀಟ ಬದುಕಲಾರದು. ಯೂರೋಪಿನ ತೋಟಗಳು ಬಹುತೇಕ ಅಮೆರಿಕದ ಬುಡಗಳ ಮೇಲೆ ಕಸಿಯಾಗಿ ಪುನರ್ಜನ್ಮವನ್ನೆತ್ತಿದಾಗ, ಕೊಲಾರೆಸಿನ ಬಳ್ಳಿಗಳು ತಮ್ಮ ಬೇರಿನ ಮೇಲೆಯೇ ನಿಂತವು. ಆ ಕೀಟ ಅಳಿಸಲಾರದ ತೋಟವನ್ನು ಇಪ್ಪತ್ತನೆಯ ಶತಮಾನದಲ್ಲಿ ಲಿಸ್ಬನ್ನಿನ ಮನೆಗಟ್ಟುವವರು ಅಳಿಸಿದರು. ಈಗ ಉಳಿದಿರುವುದು ಕೆಲವೇ ಹೆಕ್ಟೇರು.

ಇಲ್ಲಿಂದ ಮುಂದಿನ ಕಥೆ ನಮ್ಮದು. ಪೋರ್ಚುಗಲ್ಲಿಗೆ ಸೇರಿದ ಅಸೋರೆಸ್ ದ್ವೀಪಗಳಲ್ಲಿ, ಕಪ್ಪು ಲಾವಾಶಿಲೆಯ ಗೋಡೆಗಳ ನಡುವೆ ವೆರ್ದೇಲ್ಯು ದ್ರಾಕ್ಷಿಯನ್ನು ಬೆಳೆಯುತ್ತಿದ್ದ ಪೀಕು ದ್ವೀಪವೊಂದಿದೆ. 1850ರ ದಶಕದ ಬೂದಿರೋಗ, ಅದರ ಬೆನ್ನಿಗೆ ಫಿಲ್ಲಾಕ್ಸೆರಾ, ಇವೆರಡರ ಹೊಡೆತಕ್ಕೆ ಹಳೆಯ ತಳಿಗಳು ನೆಲಕಚ್ಚಿದಾಗ, ದ್ವೀಪವಾಸಿಗಳು ರೋಗಗಳನ್ನು ತಡೆದುಕೊಳ್ಳಬಲ್ಲ ಇಸಬೆಲ್ಲ ಎಂಬ ಅಮೆರಿಕದ ತಳಿಯನ್ನು ನೆಟ್ಟುಕೊಂಡರು. ಅಮೆರಿಕದ ಕಾಡುದ್ರಾಕ್ಷಿಯ ರಕ್ತವೂ ಯೂರೋಪಿನ ದ್ರಾಕ್ಷಿಯ ರಕ್ತವೂ ಬೆರೆತ ಹಣ್ಣು ಅದು. ಅದರಿಂದಾದ ವೈನಿಗೆ ಅಲ್ಲಿಯವರು ಪರಿಮಳದ ವೈನೆಂದು ಹೆಸರಿಟ್ಟು, ಪವಿತ್ರಾತ್ಮದ ಹಬ್ಬಗಳಲ್ಲಿ ಊರಿಗೆಲ್ಲ ಹಂಚುತ್ತ ಬಂದರು. ಪಂಡಿತರಿಗೆ ಮಾತ್ರ ಅದು ಅಪಥ್ಯವಾಯಿತು. 1934ರಲ್ಲಿ ಫ್ರಾನ್ಸ್ ಕಾನೂನು ಮಾಡಿ ನಿಷೇಧಿಸಿದ ಆರು ತಳಿಗಳಲ್ಲಿ ಇಸಬೆಲ್ಲವೂ ಒಂದು. ಮುಂದೆ ಐರೋಪ್ಯ ನಿಯಮಗಳೂ ಅದೇ ಜಾಡನ್ನು ಹಿಡಿದವು.

ಸಭಿಕರೇ, ಆ ಇಸಬೆಲ್ಲವನ್ನು ತಾವೆಲ್ಲರೂ ತಿಂದಿದ್ದೀರಿ. ಹುಬ್ಬಳ್ಳಿಯ ಪೇಟೆಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವ, ಬೂದಿ ಮೆತ್ತಿದಂತೆ ಕಾಣುವ, ಗುಂಡಗಿನ ಕಡುನೀಲಿ ಹಣ್ಣನ್ನು ನೆನೆಯಿರಿ. ಎರಡು ಬೆರಳಿನ ನಡುವೆ ಹಿಡಿದು ಒತ್ತಿದೊಡನೆ ತಿರುಳು ಚಿಮ್ಮಿ ಬಾಯೊಳಕ್ಕೆ ಜಾರುತ್ತದೆ, ದಪ್ಪನೆಯ ಸಿಪ್ಪೆ ಬೆರಳಿನಲ್ಲಿಯೇ ಉಳಿಯುತ್ತದೆ. ಮೊದಲು ಸಿಹಿ, ತಿರುಳಿನ ನಡುವೆ ಹುಳಿ, ಬೀಜವನ್ನು ಉಗಿದ ಮೇಲೂ ಬಹಳ ಹೊತ್ತು ನಿಲ್ಲುವ ಒಂದು ಘಾಟಾದ ಸುವಾಸನೆ. ಅದೇ ಬೆಂಗಳೂರು ನೀಲಿ. ದ್ರಾಕ್ಷಿಶಾಸ್ತ್ರಜ್ಞರು ಅದನ್ನೂ ಇಸಬೆಲ್ಲವನ್ನೂ ಒಂದೇ ತಳಿಯೆಂದು ಎಣಿಸುತ್ತಾರೆ. 19ನೆಯ ಶತಮಾನದಲ್ಲಿ ಈ ನಾಡಿಗೆ ಬಂದ ಈ ಬಳ್ಳಿ ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರಗಳ ಕೆಂಪುಮಣ್ಣಿಗೆ ಎಷ್ಟು ಒಗ್ಗಿತೆಂದರೆ, ತವರಿನ ಹಿಮಕಾಲವನ್ನು ಮರೆತು ವರ್ಷಕ್ಕೆರಡು ಬೆಳೆಯನ್ನು ಕೊಡತೊಡಗಿತು. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚನೆಯ ಮಾನ್ಯತೆಯೂ ದೊರೆಯಿತು.

ಪರದೇಶದ ಬಳ್ಳಿಯನ್ನು ನಮ್ಮದೆನ್ನುವುದು ನ್ಯಾಯವೇ ಎಂದು ಕೇಳಬಹುದು. ನಾನು ಬ್ಯಾಡಗಿಯ ಮೆಣಸಿನಕಾಯಿಯನ್ನು ಸಾಕ್ಷಿಗೆ ಕರೆಯುತ್ತೇನೆ. ಪೋರ್ಚುಗೀಜರ ಹಡಗಿನಿಂದ ಇಳಿದ ಆ ಕಾಯಿ ಇಂದು ನಮ್ಮ ಸೀಮೆಯಲ್ಲಿ ಜವಾರಿಯೆನಿಸಿಕೊಂಡಿದೆ. 2011ರಲ್ಲಿ ಅದಕ್ಕೂ ಭೌಗೋಳಿಕ ಸೂಚನೆ ಬಂದಿದೆ. ಹುಟ್ಟಿದೂರನ್ನು ಕೇಳಿ ಅದನ್ನು ಪರಕೀಯವೆಂದು ಹೊರಗಿಟ್ಟ ಅಡುಗೆಮನೆಯನ್ನು ನಾನು ಕಂಡಿಲ್ಲ. ಹಲವು ತಲೆಮಾರು ಒಂದು ನೆಲದ ರೈತನ ಕೈಯಲ್ಲಿ ಕತ್ತರಿಸಿಕೊಂಡು, ಆ ನೆಲದ ರೋಗರುಜಿನಗಳನ್ನು ತಾಳಿಕೊಂಡು, ಆ ನೆಲದ ನಾಲಗೆಗೆ ಒಗ್ಗಿದ್ದು ಜವಾರಿ. ಮೆಣಸಿನಕಾಯಿಗೆ ಸಲ್ಲುವ ಈ ನ್ಯಾಯ ದ್ರಾಕ್ಷಿಗೇಕೆ ಸಲ್ಲಬಾರದು?

ಹಣ್ಣನ್ನು ನಮ್ಮದೆಂದು ಒಪ್ಪಿಕೊಂಡೆವು. ಅದರಿಂದಾದ ವೈನಿನ ಗತಿಯೇನು? ಗೋವೆಯ ಅಂಗಡಿಗಳಲ್ಲಿಯೂ ಗಡಿಯೀಚೆಯ ಅಂಗಡಿಗಳಲ್ಲಿಯೂ ಪೋರ್ಟ್ ಎಂಬ ಚೀಟಿಯನ್ನಂಟಿಸಿಕೊಂಡು ಮಾರಾಟವಾಗುವ ಸಿಹಿಯಾದ ಕೆಂಪು ವೈನಿನಲ್ಲಿ ದೋರು ಕಣಿವೆಯ ಒಂದು ಹಣ್ಣೂ ಇಲ್ಲ. ತೊರೀಗ ಇಲ್ಲ, ತಿಂತ ಇಲ್ಲ. ಗೋವೆಯಲ್ಲಿ ಹೇಳಿಕೊಳ್ಳುವಂಥ ದ್ರಾಕ್ಷಿಯ ಬೇಸಾಯವೇ ಇಲ್ಲ. ಅದಕ್ಕೆ ಬಣ್ಣವನ್ನೂ ಘಾಟನ್ನೂ ಕೊಡುವುದು ಬಹುಮಟ್ಟಿಗೆ ಘಟ್ಟದ ಮೇಲಿನಿಂದಿಳಿಯುವ ನಮ್ಮ ಬೆಂಗಳೂರು ನೀಲಿ. ಗೋವೆಯವರು ತಮ್ಮ ಗೇರುಹಣ್ಣಿನ ಫೆನಿಗೆ ತಮ್ಮದೇ ಹೆಸರಿನಲ್ಲಿ 2009ರಲ್ಲಿ ಭೌಗೋಳಿಕ ಸೂಚನೆಯನ್ನು ಪಡೆದರು. ಅದೇ ಕಪಾಟಿನ ಪಕ್ಕದ ಸೀಸೆಯಲ್ಲಿ ನಮ್ಮ ಹಣ್ಣು ಪೋರ್ತು ನಗರದ ಹೆಸರನ್ನು ಹೊತ್ತು ಕುಳಿತಿದೆ. ಪೊಂಬಾಲನ ಕಲ್ಲುಕಂಬಗಳ ದೃಷ್ಟಿಯಿಂದ ನೋಡಿದರೆ ಇದು ಕಳವು. ನಮ್ಮ ರೈತನ ದೃಷ್ಟಿಯಿಂದ ನೋಡಿದರೆ ಇನ್ನೂ ಕೆಟ್ಟದ್ದು, ಏಕೆಂದರೆ ಕಳೆದುಕೊಂಡವನು ಅವನೇ.

ನಮ್ಮ ಸರಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನಿನ ನೀತಿಯನ್ನು ಪ್ರಕಟಿಸಿತು. ನಂದಿ ಕಣಿವೆ, ಕೃಷ್ಣಾ ಕಣಿವೆ ಎಂಬ ಪ್ರಾಂತನಾಮಗಳು ಬಳಕೆಗೆ ಬಂದಿವೆ. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಮನೆತನದವರು ಆರಂಭಿಸಿದ ಉದ್ಯಮ ಫ್ರಾನ್ಸಿನ ತಳಿಗಳಿಂದಲೇ ಹೆಸರುಗಳಿಸಿತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಪೋರ್ಚುಗೀಜರು ಫ್ರಾನ್ಸಿನ ತಳಿಗಳನ್ನು ಕಂಡು ಮೋಹಗೊಳ್ಳುವ ಕಾಲ ಬಂದಾಗ ಏನು ಮಾಡಿದರೆಂಬುದು ಗಮನಾರ್ಹ. 1978ರಿಂದ ಅಲ್ಲಿಯ ವಿಜ್ಞಾನಿಗಳು ಹಳೆಯ ತೋಟಗಳಿಗೆ ತಾವೇ ನಡೆದು ಹೋಗಿ, ಒಂದೊಂದು ತಳಿಯೊಳಗಿನ ನೂರಾರು ಬಳ್ಳಿಗಳನ್ನು ಗುರುತು ಹಾಕಿ, ಕಡ್ಡಿ ಕತ್ತರಿಸಿ ತಂದು, ಒಂದೆಡೆ ನೆಟ್ಟು, ಯಾವುದು ಬರವನ್ನು ತಾಳುತ್ತದೆ, ಯಾವುದು ಹುಳಿಯನ್ನುಳಿಸಿಕೊಳ್ಳುತ್ತದೆ ಎಂದು ಪರೀಕ್ಷಿಸತೊಡಗಿದರು. ಒಂದೇ ಹೆಸರಿನ ಬಳ್ಳಿಗಳೊಳಗೂ ಎಷ್ಟು ಭೇದವಿದೆಯೆಂಬುದನ್ನು ಹಾಗೆ ಕಂಡುಕೊಂಡರು. ದೋರುವಿನ ಬೆರಕೆ ತೋಟಗಳಲ್ಲಿ ಕಳೆದುಹೋಗಿದ್ದ, ಇಳುವರಿ ಸಾಲದೆಂದು ರೈತರು ಬಿಟ್ಟಿದ್ದ ತೊರೀಗ ನಾಸಿಯೋನಾಲ್ ಇಂದು ಆ ದೇಶದ ಕಪ್ಪು ತಳಿಗಳಲ್ಲಿ ಅಗ್ರಮಾನ್ಯವಾಗಿದ್ದರೆ, ಅದಕ್ಕೆ ಇಂಥ ತಾಳ್ಮೆಯ ದುಡಿಮೆಯೇ ಕಾರಣ.

ದೇವನಹಳ್ಳಿಯ ಸುತ್ತಿನ ಬೆಂಗಳೂರು ನೀಲಿಯ ತೋಟಗಳನ್ನು, 2008ರಲ್ಲಿ ವಿಮಾನನಿಲ್ದಾಣ ತೆರೆದ ಮೇಲೆ, ಬಡಾವಣೆಗಳು ಒತ್ತರಿಸಿಕೊಂಡು ಬರುತ್ತಿವೆ. ಕೊಲಾರೆಸಿನಲ್ಲಿ ನಡೆದದ್ದು ಅಲ್ಲಿಯೂ ನಡೆಯಲು ಬಹುಕಾಲ ಬೇಕಾಗದು. ಶಿರಸಿಯ ತೋಟಗಾರಿಕಾ ಮಹಾವಿದ್ಯಾಲಯ ನಮಗೆ ದೂರವೇನಲ್ಲ. ಅಲ್ಲಿ ಓದುವ ಈ ಸೀಮೆಯ ಮಕ್ಕಳಲ್ಲಿ ನನ್ನದೊಂದು ವಿಜ್ಞಾಪನೆ. ತಾವು ಈ ಕಾಡಿನ ಅಂಚಿನಲ್ಲಿ ಹಬ್ಬಿರುವ ಕಾಡುದ್ರಾಕ್ಷಿಯನ್ನು ಗುರುತಿಸಿ ಬರೆದಿಡಿರಿ. ಬಯಲುಸೀಮೆಗೆ ಹೋದಾಗ ಐವತ್ತು ವರ್ಷ ದಾಟಿದ ಬೆಂಗಳೂರು ನೀಲಿಯ ಬಳ್ಳಿಗಳು ಯಾವ ಯಾವ ತೋಟದಲ್ಲಿ ಉಳಿದಿವೆಯೆಂದು ವಿಚಾರಿಸಿ, ಮಾಲೀಕನ ಒಪ್ಪಿಗೆ ಪಡೆದು, ಕಡ್ಡಿಗಳನ್ನು ತಂದು ಉಳಿಸಿರಿ. ಸೀಸೆಗೆ ಚೀಟಿಯಂಟಿಸುವ ಉದ್ಯಮಿಗಳಲ್ಲಿ ಇನ್ನೊಂದು ವಿಜ್ಞಾಪನೆ: ಪೋರ್ಟ್ ಎಂಬ ಅಕ್ಷರಗಳನ್ನು ತೆಗೆದು, ಆ ಜಾಗದಲ್ಲಿ ಬೆಂಗಳೂರು ನೀಲಿಯೆಂದು ಕನ್ನಡದಲ್ಲಿ ಮುದ್ರಿಸಿರಿ.